ಮಾಲ್ಡೀವ್ಸ್‌ನಿಂದ ನಾವು ಸೇನೆ ವಾಪಸ್ ಕರೆಸಿದ ಬಗೆ

ಸಣ್ಣ ರಾಷ್ಟ್ರವೊಂದರ ಸ್ವಾತಂತ್ರ್ಯ ಅದರ ದೊಡ್ಡ ನೆರೆಯವನ ಸಂಯಮದ ಮೇಲೆ ನಿಂತಿರುತ್ತದೆ. ಆ ಸಂಯಮ ತಪ್ಪಿದ ದಿನ ಇತಿಹಾಸ ಯಾರನ್ನೂ ಕ್ಷಮಿಸುವುದಿಲ್ಲ. ಈ ಗಂಭೀರ ವಾಕ್ಯವನ್ನು ನಾನು ನನ್ನ ವೃತ್ತಿಜೀವನದಲ್ಲಿ ಕಡಿಮೆಯೆಂದರೂ ನಲವತ್ತು ಸಲ ಬರೆದಿದ್ದೇನೆ. ಬರೆದದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಕೆಳಗಡೆ ಮದುವೆ ಕಾರ್ಡು ಅಚ್ಚಾಗುತ್ತಿದ್ದ ಕಟ್ಟಡದ ಮೇಲ್ಮಹಡಿಯಲ್ಲಿ, ಒಂದು ಕಾಲು ಗಿಡ್ಡವಾದ ಮೇಜಿನ ಮೇಲೆ. ಇತಿಹಾಸ ಯಾರನ್ನು ಕ್ಷಮಿಸಿತೋ ಯಾರನ್ನು ಬಿಟ್ಟಿತೋ ನನಗೆ ತಿಳಿಯದು. ಓದುಗರು ಮಾತ್ರ ನನ್ನನ್ನು ಪ್ರತಿಸಲವೂ ಕ್ಷಮಿಸಿದರು, ಏಕೆಂದರೆ ಅವರು ಅದನ್ನು ಓದುತ್ತಿರಲಿಲ್ಲ.

ಈಗ ಪತ್ರಿಕೋದ್ಯಮ ಓದಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಸಿಕ್ಕಾಗ “ಸಂಪಾದಕೀಯ ಬರೆಯೋದು ಹೇಗೆ ಸಾರ್?” ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಉಪಸಂಪಾದಕನಾಗಿ ಸೇರಿ ಉಪಸಂಪಾದಕನಾಗಿಯೇ ನಿವೃತ್ತನಾದವನ ಜೀವನಚರಿತ್ರೆಯಲ್ಲಿ ಆ ಅಧ್ಯಾಯಕ್ಕೆ ಪುಟಗಳಿರುವುದಿಲ್ಲ.

ನಮ್ಮದು ನಾಲ್ಕು ಪುಟದ ದಿನಪತ್ರಿಕೆ. ಮಾಲೀಕರೂ ಸಂಪಾದಕರೂ ಒಬ್ಬರೇ, ರುದ್ರಯ್ಯನವರು. ಹಣೆ ತುಂಬ ವಿಭೂತಿ, ಜೇಬಿನಲ್ಲಿ ನಾಲ್ಕು ಪೆನ್ನು. ನಾಲ್ಕರಲ್ಲಿ ಒಂದರಿಂದಲೂ ಅವರು ಬರೆದದ್ದನ್ನು ನಾನು ನೋಡಿಲ್ಲ. ಆದರೆ ಪತ್ರಿಕೆಯ ಧೈರ್ಯಕ್ಕೆ ಅವರು ಒಂದು ಭೂಪಟವನ್ನೇ ಹಾಕಿಕೊಟ್ಟಿದ್ದರು. ನಗರಸಭೆಯ ಬಗ್ಗೆ ಬರೆಯುವಾಗ ‘ಸಂಬಂಧಪಟ್ಟವರು ಗಮನ ಹರಿಸುವರೇ?’ ಎಂದು ಮೆಲ್ಲಗೆ ಕೇಳಬೇಕು. ಬೆಂಗಳೂರಿನ ಸರ್ಕಾರವಾದರೆ ‘ಪರಿಶೀಲಿಸುವುದು ಒಳಿತು’. ದೆಹಲಿಯಾದರೆ ‘ಇನ್ನಾದರೂ ಎಚ್ಚೆತ್ತುಕೊಳ್ಳಲಿ’. ಸಮುದ್ರದಾಚೆಯ ಯಾವುದೇ ಸರ್ಕಾರವಾದರೆ ‘ಉಗ್ರವಾಗಿ ಖಂಡಿಸುತ್ತೇವೆ’.

“ಸಮುದ್ರ ದಾಟಿದ್ಮೇಲೆ ನಿಂಗೆ ಪೂರ್ತಿ ಸ್ವಾತಂತ್ರ್ಯ ಕಣಯ್ಯಾ ಪರಮೇಶಿ,” ಎಂದು ಸೇರಿದ ದಿನವೇ ಹೇಳಿದ್ದರು. “ತುಂಗೆ ದಾಟೋವರೆಗೆ ಮಾತ್ರ ನನ್ನ ಕೇಳಿ ಬರಿ.”

ಹೀಗೆ ನಾನು ದ್ವೀಪಗಳ ತಜ್ಞನಾದೆ. ದ್ವೀಪರಾಷ್ಟ್ರಗಳು ಸಂಪಾದಕೀಯಕ್ಕೆ ಹೇಳಿ ಮಾಡಿಸಿದಂಥವು. ಚಿಕ್ಕವು, ಸದಾ ಸಂಕಟದಲ್ಲಿರುವವು, ಪ್ರತಿಯೊಂದಕ್ಕೂ ಒಬ್ಬ ದಾಂಡಿಗ ನೆರೆಯವನಿರುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿಯ ಪ್ರಜೆ ಯಾರೂ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದು “ಯಾರ್ರೀ ಇದನ್ನ ಬರೆದಿದ್ದು?” ಎಂದು ಮೇಜು ಗುದ್ದುವುದಿಲ್ಲ. ನಾನು ಸಮುದ್ರವನ್ನು ಒಂದೇ ಸಲ ನೋಡಿದ್ದೆ, ಹೊನ್ನಾವರದಲ್ಲಿ, ಅದೂ ಬಸ್ಸಿನ ಕಿಟಕಿಯಿಂದ. ನನ್ನ ಗ್ರಂಥಭಂಡಾರವೆಂದರೆ ಒಂದು ರೇಡಿಯೋ, ಮತ್ತೆ ನನ್ನ ಮಗ ಏಳನೇ ಕ್ಲಾಸಿಗೆ ಕೊಂಡಿದ್ದ ಅಟ್ಲಾಸು. ಆ ಅಟ್ಲಾಸಿನಲ್ಲಿ ಮಾಲ್ಡೀವ್ಸ್ ಇರುವ ಕಡೆ ಒಂದಿಷ್ಟು ಚುಕ್ಕೆಗಳಿದ್ದವು. ಅವುಗಳಲ್ಲಿ ಯಾವುದು ದೇಶ, ಯಾವುದು ನೊಣದ ಹಿಕ್ಕೆ ಎಂಬುದು ಸುಲಭಕ್ಕೆ ತಿಳಿಯುತ್ತಿರಲಿಲ್ಲ. ಉಗುರಿನಿಂದ ಕೆರೆದು ನೋಡಿ, ಹೋಗದಿದ್ದರೆ ದೇಶವೆಂದು ತೀರ್ಮಾನಿಸುತ್ತಿದ್ದೆ.

ಇಷ್ಟೆಲ್ಲ ಪರಿಣತಿಯಿದ್ದೂ ನಿಜವಾದ ಸಂದರ್ಭ ಬಂದಾಗ ನಾವು ಒದಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಎಂಬತ್ತೆಂಟರಲ್ಲಿ ಬಾಡಿಗೆ ಬಂಟರು ದೋಣಿಯಲ್ಲಿ ಹೋಗಿ ಮಾಲ್ಡೀವ್ಸ್‌ನ ಸರ್ಕಾರವನ್ನು ಉರುಳಿಸಲು ನೋಡಿದರು. ಅಲ್ಲಿಯ ಅಧ್ಯಕ್ಷರು ಕರೆದರೆಂದು ನಮ್ಮ ಸೇನೆ ವಿಮಾನದಲ್ಲಿ ಹೋಗಿ ಇಳಿಯಿತು. ಇಡೀ ಜಗತ್ತು ಆ ಪುಟ್ಟ ದ್ವೀಪದ ಕಡೆ ನೋಡುತ್ತಿದ್ದ ಆ ದಿನ ನಮ್ಮ ಪತ್ರಿಕೆಯ ಸಂಪಾದಕೀಯ ‘ಬೀದಿನಾಯಿಗಳ ಹಾವಳಿ’. ಹಿಂದಿನ ದಿನ ರುದ್ರಯ್ಯನವರನ್ನು ಒಂದು ನಾಯಿ ಓಣಿಯ ತುದಿಯವರೆಗೆ ಅಟ್ಟಿಸಿಕೊಂಡು ಬಂದಿತ್ತು. ಮರುದಿನ ನಾನು ತೋಳೇರಿಸಿ ದ್ವೀಪದ ಕಡೆ ತಿರುಗುವಷ್ಟರಲ್ಲಿ ನಮ್ಮವರು ಕೆಲಸ ಮುಗಿಸಿಬಿಟ್ಟಿದ್ದರು. ಸಂಪಾದಕೀಯ ಬರೆಯುವವನೊಬ್ಬ ಕಾಯುತ್ತಿರುತ್ತಾನೆ ಎಂಬ ಕಾಳಜಿ ಸೇನೆಗೆ ಇರುವುದಿಲ್ಲ.

ಇನ್ನು ಕೆಲಸದ ಗುಟ್ಟು. ಪ್ರತಿದಿನ ಹೊಸ ಸಂಪಾದಕೀಯ ಬರೆಯುವುದು ಮನುಷ್ಯಮಾತ್ರರಿಗೆ ಸಾಧ್ಯವಿಲ್ಲ. ಹಾಗಾಗಿ ನನ್ನ ಬಳಿ ಒಂದು ‘ಬುತ್ತಿ ಫೈಲು’ ಇತ್ತು. ಹಳೆಯ ಸಂಪಾದಕೀಯಗಳನ್ನು ಕತ್ತರಿಸಿ ಅಂಟಿಸಿಟ್ಟ ಫೈಲು. ಜ್ವರ, ಮದುವೆ, ಕರೆಂಟು ಹೋಗುವುದು ಇತ್ಯಾದಿ ರಾಷ್ಟ್ರೀಯ ವಿಪತ್ತುಗಳು ಬಂದಾಗ ಬುತ್ತಿ ಬಿಚ್ಚಿ, ಒಂದು ದೇಶದ ಹೆಸರು ಹೊಡೆದು ಇನ್ನೊಂದು ದೇಶದ ಹೆಸರು ಬರೆದು, ಕಂಪೋಸಿಂಗಿಗೆ ಕೊಡುತ್ತಿದ್ದೆ. ಕಂಪೋಸಿಂಗ್ ಮಾಡುತ್ತಿದ್ದವನು ರಹಮತ್. ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಅವನು ನನ್ನ ಸಂಪಾದಕೀಯವನ್ನು ಅಕ್ಷರ ಅಕ್ಷರವಾಗಿ, ಅದೂ ಹಿಂದುಮುಂದಾಗಿ, ಓದುತ್ತಿದ್ದ. “ಸಾರ್, ಮೇಲೆ ಬರಗಾಲ ಅಂದಿದೀರ, ಕೆಳಗೆ ಪ್ರವಾಹ ಅಂದಿದೀರ, ಎರಡರಲ್ಲಿ ಒಂದು ಫೈಸಲಾ ಮಾಡಿ,” ಎಂದು ಎಷ್ಟೋ ಸಲ ನನ್ನ ಮಾನ ಕಾಪಾಡಿದ್ದ. ಆಮೇಲೆ ಪತ್ರಿಕೆಗೆ ಕಂಪ್ಯೂಟರ್ ಬಂತು. ಕೈ ಪಳಗಲೆಂದು ರಹಮತ್ ಮೂರು ತಿಂಗಳು ಕೂತು ನನ್ನ ಬುತ್ತಿ ಫೈಲನ್ನೆಲ್ಲ ಅದರೊಳಗೆ ಟೈಪು ಮಾಡಿಟ್ಟ.

“ಸಾರ್, ಇನ್ನು ಕೆಂಪು ಪೆನ್ನು ಬೇಡ,” ಎಂದು ಒಂದು ದಿನ ಹೆಮ್ಮೆಯಿಂದ ತೋರಿಸಿದ. “ಹಳೇ ಹೆಸರು ಇಲ್ಲಿ, ಹೊಸ ಹೆಸರು ಇಲ್ಲಿ. ಒಂದು ಗುಂಡಿ ಒತ್ತಿದ್ರೆ ಸಾಕು, ಪೂರಾ ದೇಶ ಬದ್ಲಾಗಿಬಿಡುತ್ತೆ.”

ಅಂದಿನಿಂದ ಅವನೂ ಓದುವುದನ್ನು ಬಿಟ್ಟ. ನಮ್ಮ ಸಂಪಾದಕೀಯ ತನ್ನ ಕೊನೆಯ ಓದುಗನನ್ನು ಕಳೆದುಕೊಂಡಿತೆಂದು ನಾನು ಭಾವಿಸಿದ್ದೆ. ಆ ಭಾವನೆ ತಪ್ಪಾಗಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಮಾಲ್ಡೀವ್ಸ್‌ನಲ್ಲಿ ಅಧ್ಯಕ್ಷ ಹುದ್ದೆಗೆ ಮತದಾನ ನಡೆದ ಸುದ್ದಿ ಬಂತು. ಆಗ ಅಲ್ಲಿಯ ಪದ್ಧತಿ ಸರಳವಾಗಿತ್ತು. ಕಣದಲ್ಲಿ ಒಬ್ಬರೇ ಅಭ್ಯರ್ಥಿ. ಮತದಾರ ‘ಹೌದು’ ಅಥವಾ ‘ಇಲ್ಲ’ ಎನ್ನಬೇಕು. ಬಹಳ ಜನ ಹೌದು ಎಂದಿದ್ದರು. ರುದ್ರಯ್ಯನವರು ಸುದ್ದಿಯನ್ನು ಎರಡು ಸಲ ಓದಿಸಿಕೊಂಡು, “ಎಂಥ ಶಿಸ್ತು ನೋಡಯ್ಯ. ನಮ್ಮ ಸೊಸೈಟಿ ಎಲೆಕ್ಷನ್ನಿಗೂ ಹಿಂಗೇ ಇರಬಾರದಾ?” ಎಂದು ನಿಟ್ಟುಸಿರಿಟ್ಟರು. ಆಮೇಲೆ ಕರ್ತವ್ಯ ನೆನಪಾಯಿತು. “ಇರ್ಲಿ, ಸಮುದ್ರದಾಚೆ. ಒಂದು ಸಂಪಾದಕೀಯ ಹೊಡಿ.”

ಅಂದು ನನ್ನ ಎಡ ದವಡೆ ಊದಿ ಇಡ್ಲಿಯಂತಾಗಿತ್ತು. ಸಂಜೆ ಐದಕ್ಕೆ ಹಲ್ಲಿನ ಡಾಕ್ಟರ ಬಳಿ ಹೋಗಬೇಕು. ಬುತ್ತಿ ಬಿಚ್ಚದೆ ಗತ್ಯಂತರವಿರಲಿಲ್ಲ. ಹದಿನೈದು ವರ್ಷದ ಹಿಂದೆ ಅಮೆರಿಕದ ಸೇನೆ ಗ್ರೆನಡಾ ಎಂಬ ಪುಟ್ಟ ದ್ವೀಪಕ್ಕೆ ನುಗ್ಗಿದಾಗ ನಾನು ಬರೆದ ಸಂಪಾದಕೀಯ ನೆನಪಾಯಿತು. ಅದರ ಮೊದಲ ಪ್ಯಾರಾ, ಅದೇ ದೊಡ್ಡ ನೆರೆಯವನ ಸಂಯಮದ್ದು, ಯಾವ ದ್ವೀಪಕ್ಕೂ ಸಲ್ಲುತ್ತಿತ್ತು. ಕೊನೆಯ ಪ್ಯಾರಾ ಯಾವ ಗ್ರಹಕ್ಕೂ ಸಲ್ಲುತ್ತಿತ್ತು. ನಡುವಿನ ಪ್ಯಾರಾವನ್ನು ನಾನು ತೆರೆದು ನೋಡಲಿಲ್ಲ. ಸಂಪಾದಕೀಯದ ನಡುವಿನ ಪ್ಯಾರಾ ಓದುವ ಅಭ್ಯಾಸ ಬರೆದವನಿಗೂ ಇರುವುದಿಲ್ಲ.

“ರಹಮತ್,” ಎಂದೆ, ಬಾಯಿ ಅರ್ಧ ತೆರೆದು. “ಗ್ರೆನಡಾ ಇದ್ದಲ್ಲೆಲ್ಲ ಮಾಲ್ಡೀವ್ಸ್ ಮಾಡು. ಅಮೆರಿಕ ಇದ್ದಲ್ಲೆಲ್ಲ ಭಾರತ ಮಾಡು. ದೊಡ್ಡ ನೆರೆ ನಾವೇ ತಾನೇ.”

“ಎರಡು ಗುಂಡಿ ಕೆಲಸ ಸಾರ್. ನೀವು ಹಲ್ಲು ನೋಡ್ಕೊಳ್ಳಿ,” ಎಂದ ರಹಮತ್.

ಮರುದಿನ ಏನೂ ಆಗಲಿಲ್ಲ. ಅದರ ಮರುದಿನವೂ ಏನೂ ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಜೋರಾಗಿ ಕೇಳಿ, ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗಿ ಒಳಗೆ ಬಂದಳು. ಒಂದು ಕೈಯಲ್ಲಿ ನಮ್ಮ ಪತ್ರಿಕೆ, ಇನ್ನೊಂದರಲ್ಲಿ ಅಟ್ಲಾಸು. ನನ್ನದಕ್ಕಿಂತ ದೊಡ್ಡ ಅಟ್ಲಾಸು. ಪತ್ರಿಕೆ ಕಚೇರಿಗೆ ಅಟ್ಲಾಸು ಹಿಡಿದು ಬರುವವರು ಒಳ್ಳೆಯ ಉದ್ದೇಶದಿಂದ ಬರುವುದಿಲ್ಲ ಎಂದು ಹೊಸಬರು ಬರೆದಿಟ್ಟುಕೊಳ್ಳಬೇಕು.

“ಇಲ್ಲಿ ಮಾಲ್ಡೀವ್ಸ್ ಬಗ್ಗೆ ಬರೆಯೋರು ಯಾರು ಸಾರ್?”

ಓದುಗರೊಬ್ಬರು ಮಹಡಿ ಹತ್ತಿ ಬಂದು ನನ್ನನ್ನು ವಿಚಾರಿಸಿದ್ದು ಅದೇ ಮೊದಲು. ಕೂದಲು ನೇವರಿಸಿಕೊಂಡು, “ನಾನೇ ತಾಯಿ, ಕೂತ್ಕೊಳ್ಳಿ,” ಎಂದೆ.

“ನೀವು ಅಲ್ಲಿಗೆ ಹೋಗಿದೀರಾ?”

“ಹೋಗಿಲ್ಲ. ಅಧ್ಯಯನ ಇದೆ.”

“ಹೌದಾ? ಹಾಗಾದ್ರೆ ಈ ಜ್ವಾಲಾಮುಖಿ ಎಲ್ಲಿದೆ ಸ್ವಲ್ಪ ತೋರಿಸಿ.” ಅಟ್ಲಾಸು ಮೇಜಿನ ಮೇಲೆ ಬಿತ್ತು. ಮೇಜು ಗಿಡ್ಡ ಕಾಲಿನ ಕಡೆಗೆ ವಾಲಿತು.

ಅಚ್ಚಾದ ಸಂಪಾದಕೀಯವನ್ನು ನಾನು ಮೊದಲ ಬಾರಿಗೆ ಓದಿದ್ದು ಆಗಲೇ. ನಡುವಿನ ಪ್ಯಾರಾ ಹೀಗಿತ್ತು: ‘ಜ್ವಾಲಾಮುಖಿಯಿಂದ ಹುಟ್ಟಿದ, ಪರ್ವತಮಯವಾದ, ಜಾಯಿಕಾಯಿಗೆ ಜಗತ್ಪ್ರಸಿದ್ಧವಾದ ಮಾಲ್ಡೀವ್ಸ್‌ನ ಕಡಲತೀರದಲ್ಲಿ ಭಾರತದ ಸೇನೆ ಇಳಿದಿದೆ. ನಿರಪರಾಧಿಗಳ ಮನೆಗಳ ಮೇಲೆ ಗುಂಡು ಹಾರುತ್ತಿದೆ. ಬಲಾಢ್ಯ ಭಾರತದ ಈ ದರ್ಪವನ್ನು ಶಿವಮೊಗ್ಗ ಜಿಲ್ಲೆಯ ಪ್ರಜ್ಞಾವಂತ ಜನತೆ ಉಗ್ರವಾಗಿ ಖಂಡಿಸುತ್ತದೆ.’

ಹಲ್ಲು ಕಿತ್ತ ಜಾಗ ಮತ್ತೆ ನೋಯತೊಡಗಿತು. ದೊಡ್ಡ ನೆರೆಯವರನ್ನು ಖಂಡಿಸಿ ಖಂಡಿಸಿ ಪಳಗಿದ್ದ ನನ್ನ ಲೇಖನಿ, ಈ ಸಲ ನೆರೆಯವನು ನಾನೇ ಎಂಬುದನ್ನೂ ನೋಡದೆ ಬೀಸಿಬಿಟ್ಟಿತ್ತು. ನನ್ನ ದೇಶ ಮಾಡದ ಯುದ್ಧಕ್ಕೆ ನನ್ನ ದೇಶವನ್ನು ದುರ್ಗಿಗುಡಿಯಿಂದ ಖಂಡಿಸಿದ್ದೆ.

“ಒಟ್ಟು ಒಂಬತ್ತು ತಪ್ಪು,” ಎಂದಳು ಹುಡುಗಿ. “ನಾನು ಎಣಿಸಿದೀನಿ. ನಾನು ಗಣಿತದ ಟೀಚರು.”

ಅವಳ ಹೆಸರು ಅನಸೂಯ. ಭದ್ರಾವತಿಯ ಕಾಗದನಗರದವಳು. ತಂದೆ ಮಲ್ಲೇಶಪ್ಪ ಕಾಗದದ ಕಾರ್ಖಾನೆಯಲ್ಲಿ ಮಷೀನಿನ ಮೇಲೆ ಕೆಲಸ. ಇವಳು ಎಂ.ಎಸ್ಸಿ., ಬಿ.ಎಡ್. ಮಾಡಿ ತಿರುವನಂತಪುರಕ್ಕೆ ಹೋಗಿ ಸಂದರ್ಶನ ಕೊಟ್ಟು ಬಂದಿದ್ದಳು. ಮಾಲ್ಡೀವ್ಸ್‌ನ ಶಾಲೆಯೊಂದರಲ್ಲಿ ಗಣಿತ ಕಲಿಸುವ ಕೆಲಸದ ಆದೇಶವೂ ಬಂದಿತ್ತು. ತಿಂಗಳ ಕೊನೆಯೊಳಗೆ ಒಪ್ಪಿಗೆ ಪತ್ರದ ಜೊತೆ ಪಾಸ್‌ಪೋರ್ಟನ್ನು ಕಳಿಸದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನವರ ಪಾಲು. ಅದಕ್ಕೆ ಇನ್ನು ಹನ್ನೊಂದು ದಿನ. ತಂದೆ ಮೊದಲು ಒಪ್ಪಿದ್ದರು. ಮೊನ್ನೆ ನಮ್ಮ ಪತ್ರಿಕೆ ಓದಿ, ಎದ್ದು ಹೋಗಿ, ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು.

“ಅಲ್ಲಿ ತೆಂಗಿನಮರಕ್ಕಿಂತ ಎತ್ತರದ್ದು ಏನೂ ಇಲ್ಲ ಸಾರ್. ಜ್ವಾಲಾಮುಖಿಯಂತೆ! ಎರಡು ವರ್ಷ ಓದಿ ತಯಾರಿ ಮಾಡ್ಕೊಂಡಿದ್ದು, ನಿಮ್ಮ ಒಂದು ಪ್ಯಾರಾಗೆ ಹೋಗುತ್ತಲ್ಲ. ನೀವೇ ಬಂದು ನಮ್ಮಪ್ಪಂಗೆ ಹೇಳಿ.”

ಭಾನುವಾರ ಬೆಳಿಗ್ಗೆ ಭದ್ರಾವತಿಯ ಬಸ್ಸು ಹತ್ತಿದೆ. ಒಂದು ಮಾತು ಹೇಳಿ, ಒಂದು ಕಾಫಿ ಕುಡಿದು, ಹತ್ತೂವರೆಯ ಬಸ್ಸಿಗೆ ಹಿಂತಿರುಗುವುದು ನನ್ನ ಯೋಜನೆಯಾಗಿತ್ತು. ಮಹಾಯುದ್ಧಗಳೂ ಇಂಥ ಯೋಜನೆಗಳಿಂದಲೇ ಶುರುವಾಗುತ್ತವಂತೆ.

ಮಲ್ಲೇಶಪ್ಪನವರು ಕ್ವಾರ್ಟರ್ಸಿನ ಜಗಲಿಯಲ್ಲಿ ನಮ್ಮ ಪತ್ರಿಕೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಓದುತ್ತಿರಲಿಲ್ಲ, ಕಾಗದ ನೋಡುತ್ತಿದ್ದರು. ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಕಿವಿಯ ಬಳಿ ಒಮ್ಮೆ ಪಟಪಟಿಸಿ, “ನಮ್ಮ ಮಷೀನಿಂದೇ,” ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನನ್ನು ನೋಡಿದರು. ನಾನು ಯಾರೆಂದು ಮಗಳು ಹೇಳಿದೊಡನೆ ಎದ್ದು ನಿಂತರು. ಅಷ್ಟು ಗೌರವದಿಂದ ನನಗಾಗಿ ಅದುವರೆಗೆ ಯಾರೂ ಎದ್ದು ನಿಂತಿರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು.

“ಬನ್ನಿ ಸಾರ್, ಬನ್ನಿ. ದಿನಾ ಓದ್ತೀನಿ ನಿಮ್ದು. ಮೊದಲು ಸಂಪಾದಕೀಯ, ಆಮೇಲೆ ಮಿಕ್ಕಿದ್ದು. ಫಾಕ್ಲೆಂಡ್ ಬಗ್ಗೆ ಬರೆದಿದ್ರಲ್ಲ, ಇನ್ನೂ ಇಟ್ಟಿದೀನಿ.”

“ಮಲ್ಲೇಶಪ್ಪನವರೇ, ಮೊನ್ನೆಯದರಲ್ಲಿ ಸ್ವಲ್ಪ ತಪ್ಪಾಗಿದೆ,” ಎಂದೆ. “ಅಲ್ಲಿ ನಮ್ಮ ಸೇನೆ ಇಲ್ಲ. ಜ್ವಾಲಾಮುಖಿಯೂ ಇಲ್ಲ. ಅವರಿಗೂ ನಮಗೂ ಒಳ್ಳೆಯ ಸ್ನೇಹ. ನಮ್ಮ ಕಡೆಯ ಎಷ್ಟೋ ಟೀಚರುಗಳು ಅಲ್ಲಿ ಪಾಠ ಮಾಡ್ತಿದಾರೆ.”

ಅವರು ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು, ನಕ್ಕರು.

“ಇವಳು ಹೇಳಿಕೊಟ್ಟು ಕರ್ಕೊಂಡು ಬಂದಿದಾಳೆ. ನಿಮ್ಮದು ಒಳ್ಳೇ ಮನಸ್ಸು ಸಾರ್, ಹೆಣ್ಣುಮಗು ಕೇಳ್ತು ಅಂತ ಬಂದ್ರಿ. ಆದ್ರೆ ಸೇನೆ ಹಿಂದೆ ಹೋಗಿತ್ತಲ್ಲ? ಎಂಬತ್ತೆಂಟರಲ್ಲಿ?”

“ಆಗ ಅವರು ಕರೆದಿದ್ರು, ಹೋಗಿತ್ತು. ಸಹಾಯಕ್ಕೆ.”

“ಕರೆದಾಗ ಹೋದೋರು, ಕರೀದಿದ್ರೂ ಹೋಗಲ್ವಾ? ದೊಡ್ಡೋರ ಬುದ್ಧಿ ಹೇಗಿರುತ್ತೆ ಅಂತ ನೀವೇ ಬರೀತಿರ್ತೀರಲ್ಲ ಸಾರ್. ಸಂಯಮ ತಪ್ಪಿದ ದಿನ ಅಂತ.”

ಆ ವಾಕ್ಯವನ್ನು ಅವರು ಪೂರ್ತಿ ಹೇಳಿದರು, ಒಂದಕ್ಷರ ಬಿಡದೆ. ನನ್ನ ವಾಕ್ಯ ನನ್ನ ಮೇಲೇ ನುಗ್ಗಿಬಂದ ಆ ಹೊತ್ತಿನಲ್ಲಿ ಗ್ರೆನಡಾದವರ ಕಷ್ಟ ನನಗೆ ಮೊದಲ ಸಲ ಅರ್ಥವಾಯಿತು.

ಅನಸೂಯಾಳ ತಾಯಿ ಗಂಗಮ್ಮ ಕಾಫಿ ತಂದರು. “ಅಲ್ಲಿ ಒಬ್ರೇ ಎಲೆಕ್ಷನ್ನಿಗೆ ನಿಲ್ತಾರಂತಲ್ಲ,” ಎಂದರು ನನಗೆ. “ಅದ್ರಲ್ಲಿ ಏನ್ ವಿಶೇಷ ಕಣ್ರೀ? ಈ ಮನೇಲಿ ಮೂವತ್ತು ವರ್ಷದಿಂದ ಒಬ್ರೇ ನಿಂತಿದಾರೆ. ನಾವು ಹೌದು ಅನ್ಬೇಕು.”

“ಅಲ್ಲಿ ಇಲ್ಲ ಅನ್ನೋಕೂ ಒಂದು ಜಾಗ ಇರುತ್ತಮ್ಮಾ,” ಎಂದಳು ಅನಸೂಯ.

“ನೋಡಿ ಸಾರ್, ಹೋಗೋಕ್ ಮುಂಚೆನೇ ಆ ಕಡೆಯವಳಾಗಿದಾಳೆ,” ಎಂದರು ಮಲ್ಲೇಶಪ್ಪ. ಆಮೇಲೆ ದನಿ ತಗ್ಗಿಸಿದರು. “ಸಾರ್, ನಾನು ಇಪ್ಪತ್ತಾರು ವರ್ಷದಿಂದ ಕಾಗದ ಮಾಡ್ತಿದೀನಿ. ಒಂದು ರೀಲಿಗೆ ಎಷ್ಟು ಬಿದಿರು, ಎಷ್ಟು ನೀರು, ಎಷ್ಟು ಜನರ ಬೆವರು ಅಂತ ನನಗೆ ಗೊತ್ತು. ಅಷ್ಟು ಕಷ್ಟಪಟ್ಟು ಮಾಡಿದ್ದರ ಮೇಲೆ ಯಾರಾದ್ರೂ ಸುಮ್ಸುಮ್ನೆ ಏನೋ ಒಂದು ಬರೀತಾರಾ? ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ ಸಾರ್. ತಪ್ಪು ಅಂತಾದ್ರೆ ಪ್ರಿಂಟಲ್ಲಿ ಬರ್ಲಿ. ಅದೇ ಜಾಗದಲ್ಲಿ. ಆಗ ಬೀಗ ತೆಗೀತೀನಿ.”

ಹತ್ತೂವರೆಯ ಬಸ್ಸು ತಪ್ಪಿತ್ತು. ಹನ್ನೆರಡರ ಬಸ್ಸಿನಲ್ಲಿ ನಿಂತುಕೊಂಡು ಬಂದೆ.

ಸೋಮವಾರ ರುದ್ರಯ್ಯನವರ ಮುಂದೆ ಎಲ್ಲವನ್ನೂ ಹೇಳಿ, ನಾಲ್ಕು ಸಾಲಿನ ತಿದ್ದುಪಡಿ ಹಾಕೋಣ ಎಂದೆ. ಅವರು ವಿಭೂತಿ ಒಡೆಯುವಷ್ಟು ಹಣೆ ಗಂಟಿಕ್ಕಿದರು.

“ವರದಿಗೆ ತಿದ್ದುಪಡಿ ಇರುತ್ತೆ. ಸಂಪಾದಕೀಯಕ್ಕೆ ಇರಲ್ಲ. ಅದು ಅಭಿಪ್ರಾಯ.”

“ಜ್ವಾಲಾಮುಖಿ ಅಭಿಪ್ರಾಯ ಹೇಗಾಗುತ್ತೆ ಸಾರ್?”

“ನಮ್ಮ ಸಂಪಾದಕೀಯದಲ್ಲಿ ಬಂದ್ಮೇಲೆ ಅಭಿಪ್ರಾಯಾನೇ. ಇವತ್ತು ಜ್ವಾಲಾಮುಖಿ ಇಲ್ಲ ಅಂತ ಒಪ್ಕೊಂಡ್ರೆ ನಾಳೆ ಜನ ಬೀದಿನಾಯಿನೂ ಇರ್ಲಿಲ್ಲ ಅಂತಾರೆ.”

“ಒಂದು ಹುಡುಗಿ ಕೆಲಸ ಹೋಗುತ್ತೆ ಸಾರ್.”

ರುದ್ರಯ್ಯನವರು ಕೆಟ್ಟವರಲ್ಲ. ಅವರಿಗೂ ಹೆಣ್ಣುಮಕ್ಕಳಿದ್ದರು. ಕೊನೆಗೆ ಹೇಳಿದರು: “ತಪ್ಪಾಯ್ತು ಅಂತ ಮಾತ್ರ ಬರೀಬೇಡ. ಪರಿಸ್ಥಿತಿ ಬದಲಾಗಿದೆ ಅಂತ ಬರಿ. ಪರಿಸ್ಥಿತಿ ಬದಲಾಗೋಕೆ ನನ್ನ ಅಭ್ಯಂತರ ಏನಿಲ್ಲ.”

ಅನಸೂಯಾಳಿಗೆ ಕೆಳಗಿನ ಅಂಗಡಿಯಿಂದ ಫೋನು ಮಾಡಿದೆ. ಅವಳು ಒಂದೇ ಷರತ್ತು ಹಾಕಿದಳು. “ಒಂದು ಸುಳ್ಳು ಮುಚ್ಚೋಕೆ ಇನ್ನೊಂದು ಸುಳ್ಳು ಬೇಡ ಸಾರ್. ಪ್ರತಿ ವಾಕ್ಯನೂ ನಿಜ ಇರ್ಬೇಕು. ನಾನೇ ಬಂದು ನೋಡ್ತೀನಿ.”

ಸಂಪಾದಕರಿಗೆ ತಪ್ಪೊಪ್ಪಿಗೆ ಬೇಡ, ಟೀಚರಿಗೆ ಸುಳ್ಳು ಬೇಡ. ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕ ಸಣ್ಣ ರಾಷ್ಟ್ರ ಹೇಗೆ ನಡೆದುಕೊಳ್ಳಬೇಕು ಎಂದು ನಾನು ಎಷ್ಟೋ ಸಲ ಬರೆದಿದ್ದೆ. ನಡೆದುಕೊಂಡದ್ದು ಅದೇ ಮೊದಲು. ಮಂಗಳವಾರ ನಾನು ಬರೆದೆ, ಅನಸೂಯ ಪಕ್ಕದಲ್ಲಿ ಕೂತು ಪರೀಕ್ಷೆಯ ಪೇಪರು ತಿದ್ದುವಂತೆ ಒಂದೊಂದು ಸಾಲಿಗೂ ರೈಟು ಹಾಕುತ್ತ ಹೋದಳು. ‘ಅಪಾರ ಸಂಖ್ಯೆಯ ದ್ವೀಪಗಳು’ ಎಂದಾಗ “ಎಷ್ಟು ಅಂತ ಹೇಳಿ, ಇಲ್ಲಾಂದ್ರೆ ಅಪಾರ ತೆಗೀರಿ,” ಎಂದಳು. ತೆಗೆದೆ. ‘ಅವಿನಾಭಾವ ಸಂಬಂಧ’ಕ್ಕೆ ಪುರಾವೆ ಕೇಳಿದಳು. ಅದನ್ನೂ ತೆಗೆದೆವು. ನನ್ನ ಮಾಮೂಲು ಸಂಪಾದಕೀಯದ ಅರ್ಧದಷ್ಟು ಉಳಿಯಿತು. ಕೊನೆಗೆ ಮೊದಲ ಪ್ಯಾರಾದ ಆ ಸಂಯಮದ ವಾಕ್ಯದ ಮೇಲೆ ಪೆನ್ನು ಇಟ್ಟಳು.

“ಇತಿಹಾಸ ಯಾರನ್ನೂ ಕ್ಷಮಿಸಲ್ಲ ಅಂತ ಯಾರು ಹೇಳಿದ್ದು?”

“ನಾನೇ.”

“ಗೊತ್ತಿಲ್ಲ ಅಂದ್ರೆ ಬಿಟ್ಬಿಡಿ ಸಾರ್.”

ಬಿಟ್ಟೆ. ಮರುದಿನ ಪತ್ರಿಕೆಯಲ್ಲಿ ಬಂದದ್ದು ಇದು: ‘ಇಂದು ಮಾಲ್ಡೀವ್ಸ್‌ನ ನೆಲದ ಮೇಲೆ ಭಾರತದ ಸೇನೆ ಇಲ್ಲ. ಇದು ಸ್ವಾಗತಾರ್ಹ. ಅಲ್ಲಿ ಯಾರ ಮನೆಯ ಮೇಲೂ ನಮ್ಮವರ ಗುಂಡು ಹಾರುತ್ತಿಲ್ಲ. ಇದೂ ಸ್ವಾಗತಾರ್ಹ. ಆ ದೇಶದಲ್ಲಿ ಪರ್ವತವಿಲ್ಲ, ಜ್ವಾಲಾಮುಖಿ ಇಲ್ಲ, ತೆಂಗಿನಮರವಿದೆ. ಅಲ್ಲಿ ಒಬ್ಬರೇ ಅಭ್ಯರ್ಥಿ ನಿಲ್ಲುವುದು ನಮಗೆ ಸರಿಕಾಣದಿದ್ದರೂ ಅದು ಅಲ್ಲಿಯ ಮತದಾರರು ಯೋಚಿಸಬೇಕಾದ ವಿಷಯ. ನಮ್ಮ ಟೀಚರುಗಳು ಅಲ್ಲಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ. ದೊಡ್ಡ ನೆರೆ ಸಣ್ಣ ನೆರೆಗೆ ಕಳಿಸಬಹುದಾದದ್ದು ಇದಕ್ಕಿಂತ ಒಳ್ಳೆಯದು ಇರಲಾರದು.’

ರುದ್ರಯ್ಯನವರು ತಮ್ಮ ಪತ್ರಿಕೆಯ ಸಂಪಾದಕೀಯವನ್ನು ಅಪರೂಪಕ್ಕೆ ಓದಿದರು. ಮೊದಲೆರಡು ಸಾಲು ಓದುತ್ತಲೇ ಮುಖ ಅರಳಿತು. “ಸೋಮವಾರ ಖಂಡಿಸಿದ್ವಿ, ಮುಂದಿನ ಬುಧವಾರಕ್ಕೆ ಸೇನೆ ಇಲ್ಲ! ಏನಯ್ಯ ಇದು, ದೆಹಲಿಯವರು ನಮ್ಮ ಪೇಪರ್ ಓದ್ತಾರಾ?” ಎಂದರು. ಅವರ ನೆನಪಿನಲ್ಲಿ ಅದು ಕೊನೆಯವರೆಗೂ ಪತ್ರಿಕೆಯ ದೊಡ್ಡ ಜಯವಾಗಿಯೇ ಉಳಿಯಿತು. ಪತ್ರಿಕೆಯ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ‘ನಮ್ಮ ಎಚ್ಚರಿಕೆಯ ನಂತರ ಸೇನೆ ವಾಪಸ್’ ಎಂದು ಬರೆಸಿಯೂ ಬಿಟ್ಟರು.

ಕೆಲಸ ಮುಗಿಯಿತೆಂದುಕೊಂಡೆ. ಗುರುವಾರ ಮಲ್ಲೇಶಪ್ಪನವರು ಮೊದಲ ಪಾಳಿ ಮುಗಿಸಿ, ಕಾರ್ಖಾನೆಯ ಬಟ್ಟೆಯಲ್ಲೇ, ಪತ್ರಿಕೆ ಮಡಿಚಿ ಹಿಡಿದು ನಮ್ಮ ಮಹಡಿ ಹತ್ತಿದರು. ಕೂರಲಿಲ್ಲ.

“ಓದಿದೆ ಸಾರ್. ಹೋದ ವಾರ ಜ್ವಾಲಾಮುಖಿ ಇತ್ತು. ಈ ವಾರ ಇಲ್ಲ. ಎಲ್ಲಿ ಹೋಯ್ತು?”

ನನ್ನ ಮುಂದೆ ಎರಡು ದಾರಿಯಿತ್ತು. ಪರಿಸ್ಥಿತಿ ಬದಲಾಗಿದೆ ಎನ್ನಬಹುದಿತ್ತು. ಇಪ್ಪತ್ತು ವರ್ಷ ಆ ದಾರಿಯಲ್ಲೇ ನಡೆದಿದ್ದೆ. ಅವರ ಕೈ ನೋಡಿದೆ. ಬೆರಳ ತುದಿಗಳು ಕಾಗದ ಉಜ್ಜಿ ಉಜ್ಜಿ ನುಣುಪಾಗಿದ್ದವು.

“ಅದು ಬೇರೆ ದ್ವೀಪದ ಬಗ್ಗೆ ಹದಿನೈದು ವರ್ಷದ ಹಿಂದೆ ಬರೆದದ್ದು ಮಲ್ಲೇಶಪ್ಪನವರೇ,” ಎಂದೆ. “ಹಲ್ಲು ನೋವಿತ್ತು. ಹೆಸರು ಬದಲಾಯಿಸಿ ಹಾಕಿದೆ. ಓದಿ ನೋಡಲಿಲ್ಲ.”

“ನೀವೂ ಓದ್ಲಿಲ್ವಾ?”

“ಇಲ್ಲ.”

“ಇವರು?” ರಹಮತ್‌ನ ಕಡೆ ನೋಡಿದರು. ರಹಮತ್ ಗುಂಡಿಗಳ ಕಡೆ ನೋಡಿದ.

“ಮಾಲೀಕರು?”

ಅವರೂ ಇಲ್ಲ ಎಂದು ತಲೆಯಾಡಿಸಿದೆ.

“ಹಾಗಾದ್ರೆ,” ಎಂದರು ಮಲ್ಲೇಶಪ್ಪ ನಿಧಾನವಾಗಿ, “ಶಿವಮೊಗ್ಗ ಜಿಲ್ಲೆಯ ಪ್ರಜ್ಞಾವಂತ ಜನತೆ ಅಂತ ಬರೀತಿದ್ರಲ್ಲ ಸಾರ್, ಅದು ನಾನೊಬ್ನೇನಾ?”

ಕೆಳಗಡೆ ಯಾರದೋ ಮದುವೆ ಕಾರ್ಡು ಅಚ್ಚಾಗುತ್ತಿತ್ತು.

ಅವರು ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಹರವಿ, ಹೊಸ ಸಂಪಾದಕೀಯದ ಕೆಳಗಿನ ಖಾಲಿ ಜಾಗದ ಮೇಲೆ ಬೆರಳಿಟ್ಟರು. “ಇದಕ್ಕೆ ಯಾವತ್ತೂ ಹೆಸರು ಹಾಕಲ್ಲ ನೀವು. ಇಲ್ಲಿ ಸೈನ್ ಮಾಡಿ. ಪೂರ್ತಿ ಹೆಸರು, ಮನೆ ಅಡ್ರೆಸ್ಸು. ನನ್ನ ಮಗಳಿಗೆ ಅಲ್ಲಿ ಏನಾದ್ರೂ ಆದ್ರೆ ನಾನು ದೆಹಲಿಗೆ ಹೋಗಲ್ಲ. ನಿಮ್ಮ ಮನೆಗೆ ಬರ್ತೀನಿ.”

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ. ‘ನಾವು’ ಎಂದು ಬರೆಯುವಾಗ ಲೇಖನಿ ಬಹಳ ಹಗುರ. ಅಂದು ‘ಪರಮೇಶ್ವರಪ್ಪ’ ಎಂದು ಐದಾರು ಅಕ್ಷರ ಬರೆಯಲು ನನಗೆ ಬೇಕಾದಷ್ಟು ಹೊತ್ತು ಹಿಡಿಯಿತು. ಸಹಿ ಹಾಕುವ ಮೊದಲು ಸಂಪಾದಕೀಯವನ್ನು ಇನ್ನೊಂದು ಸಲ ಓದಿದೆ, ನಡುವಿನ ಪ್ಯಾರಾ ಸಮೇತ. ಮೇಜು ಅಲುಗದಂತೆ ರಹಮತ್ ಬಂದು ಗಿಡ್ಡ ಕಾಲಿನ ಕಡೆ ಹಿಡಿದುಕೊಂಡ. ಮಲ್ಲೇಶಪ್ಪನವರು ಶಾಯಿ ಒಣಗುವವರೆಗೆ ಊದಿ, ಪತ್ರಿಕೆ ಮಡಿಚಿ ಜೇಬಿಗೆ ಹಾಕಿಕೊಂಡು, ಐದು ಗಂಟೆಯ ಬಸ್ಸಿಗೆ ಹೋದರು. ಅಂದೇ ಬೀರುವಿನಿಂದ ಪಾಸ್‌ಪೋರ್ಟು ತೆಗೆದು, ಆ ಜಾಗದಲ್ಲಿ ಪತ್ರಿಕೆಯಿಟ್ಟು, ಮತ್ತೆ ಬೀಗ ಹಾಕಿದರಂತೆ. ಇದನ್ನು ಅನಸೂಯ ಮರುದಿನ ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಅಳುವಿತ್ತೋ ನಗುವಿತ್ತೋ, ಅಂಗಡಿಯ ಫೋನಿನಲ್ಲಿ ಗೊತ್ತಾಗಲಿಲ್ಲ.

ಆಮೇಲೆ ಆ ದ್ವೀಪದ ಹೆಸರು ರೇಡಿಯೋದಲ್ಲಿ ಬಂದಾಗಲೆಲ್ಲ ನಾನು ಊಟ ಬಿಟ್ಟು ಕೇಳುತ್ತಿದ್ದೆ. ಅಲ್ಲಿಯ ಅಧ್ಯಕ್ಷರು ಏನೆಂದರು, ದೆಹಲಿಯವರು ಅದಕ್ಕೆ ಏನೆಂದರು, ಕಡಲು ಹೇಗಿದೆ, ಎಲ್ಲ ನನಗೆ ಬೇಕಾಗಿತ್ತು. ವಿದೇಶಾಂಗ ಇಲಾಖೆಯವರಿಗೂ ಅಷ್ಟು ಕಾಳಜಿ ಇತ್ತೋ ಇಲ್ಲವೋ. ಅವರ ಮನೆಯ ಅಡ್ರೆಸ್ಸು ಯಾರ ಬೀರುವಿನಲ್ಲೂ ಇರಲಿಲ್ಲ. ಬುತ್ತಿ ಫೈಲನ್ನು ಕಂಪ್ಯೂಟರಿನಿಂದ ಅಳಿಸಲು ರಹಮತ್‌ಗೆ ಹೇಳಿದೆ. ಅದಕ್ಕೂ ಒಂದು ಗುಂಡಿ ಸಾಕಾಯಿತು.

ಅನಸೂಯ ಜನವರಿಯಲ್ಲಿ ಮಾಲ್ಡೀವ್ಸ್‌ಗೆ ಹೋದಳು. ನಾಲ್ಕು ವರ್ಷ ಗಣಿತ ಕಲಿಸಿ ಹಿಂತಿರುಗಿದಳು. ಮಲ್ಲೇಶಪ್ಪನವರು ನನ್ನ ಮನೆಗೆ ಬರಲಿಲ್ಲ.